ಹರಿಕೇನ್‌ನಿಂದ ಮನೆಯ ರಕ್ಷಣೆ: ಅಮೆರಿಕದ ಮನೆ ಮಾಲೀಕರ ನಿರ್ಧಾರಗಳು

ಅಟ್ಲಾಂಟಿಕ್ ಸಾಗರ ಮತ್ತು ಮೆಕ್ಸಿಕೊ ಕೊಲ್ಲಿಯ ತೀರದಲ್ಲಿ ವಾಸಿಸುವವರು ಹರಿಕೇನ್‌ನ ಗಾಳಿ, ಮಳೆ ಮತ್ತು ಕಡಲುಬ್ಬರದ ಹೊಡೆತವನ್ನು ತಮ್ಮ ಮನೆ ತಡೆದುಕೊಳ್ಳುವಂತೆ ಮುಂಚಿತವಾಗಿ ಮಾಡಿಕೊಳ್ಳುವ ಕಟ್ಟಡ ಸಂಬಂಧಿ ಏರ್ಪಾಡುಗಳಿಗೆ ಹರಿಕೇನ್ ಗೃಹರಕ್ಷಣೆ ಎನ್ನುತ್ತಾರೆ. ಕಿಟಕಿಗೆ ಷಟರ್ ಹಾಕುವುದು, ಛಾವಣಿಯನ್ನು ಗೋಡೆಗೆ ಬಿಗಿಯುವುದು, ಗ್ಯಾರೇಜ್ ಬಾಗಿಲನ್ನು ಬಲಪಡಿಸುವುದು, ಮನೆಯನ್ನೇ ಕಂಬಗಳ ಮೇಲೆ ಎತ್ತರಿಸುವುದು ಇದರಲ್ಲಿ ಸೇರುತ್ತವೆ. ಬಿರುಗಾಳಿ ಹತ್ತಿರವಾದಾಗ ಊರು ಬಿಟ್ಟು ಹೋಗುವುದು, ನೀರು ಮತ್ತು ಆಹಾರ ಕೂಡಿಡುವುದು ಪ್ರಾಣರಕ್ಷಣೆಯ ಕ್ರಮಗಳಾದ್ದರಿಂದ ಅವು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಅಪಾಯ ತಿಳಿದಿದ್ದರೂ, ಉಪಾಯಗಳು ಮಾರುಕಟ್ಟೆಯಲ್ಲಿ ಸಿಗುತ್ತಿದ್ದರೂ ತೀರಪ್ರದೇಶದ ಅನೇಕ ಮನೆಗಳು ಇಂದಿಗೂ ಅರೆ ರಕ್ಷಣೆಯಲ್ಲೇ ಇವೆ. ಇದರ ಕಾರಣಗಳನ್ನು ಎಂಜಿನಿಯರಿಂಗ್, ಅರ್ಥಶಾಸ್ತ್ರ, ಮನೋವಿಜ್ಞಾನ, ವಿಮಾ ಶಾಸ್ತ್ರಗಳು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಅಧ್ಯಯನ ಮಾಡುತ್ತ ಬಂದಿವೆ.

ಹರಿಕೇನ್ ಮತ್ತು ಅದರ ಅಳತೆ

ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದಲ್ಲಿ ಏಳುವ ಚಂಡಮಾರುತವೂ ಅಟ್ಲಾಂಟಿಕ್‌ನ ಹರಿಕೇನ್ ಕೂಡ ಒಂದೇ ಜಾತಿಯ ಉಷ್ಣವಲಯದ ಸುಳಿಗಾಳಿಗಳು. ಗಾಳಿಯ ವೇಗ ಗಂಟೆಗೆ 119 ಕಿ.ಮೀ. ಮುಟ್ಟಿದಾಗ ಅಟ್ಲಾಂಟಿಕ್‌ನಲ್ಲಿ ಅದನ್ನು ಹರಿಕೇನ್ ಎಂದು ಕರೆಯುತ್ತಾರೆ. ಅಲ್ಲಿನ ಋತು ಜೂನ್ 1ರಿಂದ ನವೆಂಬರ್ 30ರವರೆಗೆ.

ಹರಿಕೇನ್‌ಗಳನ್ನು ಒಂದರಿಂದ ಐದರವರೆಗಿನ ವರ್ಗಗಳಲ್ಲಿ ಗುರುತಿಸುವ ಸಫೀರ್–ಸಿಂಪ್ಸನ್ ಮಾಪಕಕ್ಕೂ ಮನೆಗಳಿಗೂ ಹುಟ್ಟಿನಿಂದಲೇ ನಂಟಿದೆ. ಅದನ್ನು ಮೊದಲು ರೂಪಿಸಿದ ಹರ್ಬರ್ಟ್ ಸಫೀರ್ ಫ್ಲೋರಿಡಾದ ಕಟ್ಟಡ ಎಂಜಿನಿಯರ್. ಹರಿಕೇನ್ ಬೀಸುವ ಪ್ರದೇಶಗಳಲ್ಲಿನ ಕಡಿಮೆ ವೆಚ್ಚದ ವಸತಿಗಳ ಬಗ್ಗೆ ವಿಶ್ವಸಂಸ್ಥೆಗಾಗಿ ಅಧ್ಯಯನ ನಡೆಸುವಾಗ, ಎಷ್ಟು ಗಾಳಿಗೆ ಎಂಥ ಹಾನಿ ಎಂದು ಹೇಳಲು ಅವರಿಗೆ ಇಂಥದೊಂದು ಅಳತೆ ಬೇಕಾಯಿತು. ರಾಷ್ಟ್ರೀಯ ಹರಿಕೇನ್ ಕೇಂದ್ರದ ನಿರ್ದೇಶಕರಾಗಿದ್ದ ರಾಬರ್ಟ್ ಸಿಂಪ್ಸನ್ ಅದನ್ನು ಬೆಳೆಸಿದರು. ಐದನೆಯ ವರ್ಗ ಗಂಟೆಗೆ 252 ಕಿ.ಮೀ. ವೇಗದಿಂದ ಶುರುವಾಗುತ್ತದೆ. ಈ ಮಾಪಕ ಅಳೆಯುವುದು ಗಾಳಿಯನ್ನು ಮಾತ್ರ, ನೀರನ್ನಲ್ಲ. ಆದ್ದರಿಂದ ಕೆಳ ವರ್ಗದ ಹರಿಕೇನ್ ಎಂದು ಕೇಳಿದವರು ಕಡಲುಬ್ಬರವೂ ಕಡಿಮೆಯೇ ಇರಬಹುದೆಂದು ಭಾವಿಸುವ ಅಪಾಯ ಇದೆ.

ಮನೆ ಕುಸಿಯುವ ಬಗೆ

ಗಾಳಿ ಗೋಡೆಯ ಮೇಲೆ ಹೇರುವ ಒತ್ತಡ ಅದರ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ, ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗಾಳಿಗೆ ಎದುರಾದ ಗೋಡೆಯನ್ನು ಅದು ಒಳಕ್ಕೆ ತಳ್ಳುತ್ತದೆ, ಮರೆಯಲ್ಲಿರುವ ಗೋಡೆಗಳನ್ನು ಹೊರಕ್ಕೆ ಹೀರುತ್ತದೆ, ಛಾವಣಿಯನ್ನು ಮೇಲಕ್ಕೆ ಎತ್ತುತ್ತದೆ. ಮನೆ ಮುಚ್ಚಿದ ಪೆಟ್ಟಿಗೆಯಂತೆ ಇರುವವರೆಗೆ ಈ ಬಲಗಳನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಗಾಳಿಯ ಕಡೆಯ ಒಂದು ಕಿಟಕಿಯೋ ಗ್ಯಾರೇಜ್ ಬಾಗಿಲೋ ಒಡೆದರೆ ಗಾಳಿ ಒಳನುಗ್ಗಿ, ಕೆಳಗಿನಿಂದಲೂ ಛಾವಣಿಯನ್ನು ಒತ್ತತೊಡಗುತ್ತದೆ. ಮೇಲಿನ ಸೆಳೆತ ಮತ್ತು ಕೆಳಗಿನ ಒತ್ತಡ ಕೂಡಿದಾಗ ಛಾವಣಿ ಕಿತ್ತುಹೋಗುತ್ತದೆ. ಆಧಾರ ಕಳೆದುಕೊಂಡ ಗೋಡೆಗಳು ಅದರ ಹಿಂದೆಯೇ ಬೀಳುತ್ತವೆ. ಒಳಗಿನ ಒತ್ತಡ ಸಮವಾಗಲೆಂದು ಕಿಟಕಿಗಳನ್ನು ತೆರೆದಿಡಬೇಕೆಂಬ ಹಳೆಯ ನಂಬಿಕೆ ಈ ಕಾರಣಕ್ಕೆ ತಪ್ಪು ಮಾತ್ರವಲ್ಲ, ಅಪಾಯಕಾರಿ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದರಿಂದಲೂ ಗಾಜು ಒಡೆಯುವುದು ತಪ್ಪುವುದಿಲ್ಲ. ಒಡೆದ ಗಾಜು ದೊಡ್ಡ ದೊಡ್ಡ ಚೂರುಗಳಾಗಿ ಹಾರುವ ಸಾಧ್ಯತೆ ಅದರಿಂದ ಹೆಚ್ಚುತ್ತದೆ.

ಗಾಳಿಯಷ್ಟೇ ಗಾಳಿಯಲ್ಲಿ ಹಾರಿಬರುವ ವಸ್ತುಗಳೂ ಕಿಟಕಿಗೆ ಶತ್ರು. ಪಕ್ಕದ ಮನೆಯ ಹೆಂಚು, ಮರದ ಕೊಂಬೆ, ಅಂಗಳದ ಕುರ್ಚಿ ಎಲ್ಲವೂ ಗುಂಡಿನಂತೆ ಬಂದು ಬಡಿಯುತ್ತವೆ. ಛಾವಣಿಯ ಹೊದಿಕೆ ಮಾತ್ರ ಕಿತ್ತುಹೋದ ಮನೆಯಲ್ಲೂ ಹಲಗೆಗಳ ಸಂದಿನಿಂದ ಮಳೆನೀರು ಇಳಿದು ಒಳಚಾವಣಿ, ವಿದ್ಯುತ್ ತಂತಿ, ಪೀಠೋಪಕರಣಗಳೆಲ್ಲ ಹಾಳಾಗುತ್ತವೆ. ಗೋಡೆ ನಿಂತಿದ್ದರೂ ಮನೆ ವಾಸಕ್ಕೆ ಬಾರದಂತಾಗುತ್ತದೆ.

ಹಿನ್ನೆಲೆ: ಆಂಡ್ರ್ಯೂ ಹರಿಕೇನ್

ಈ ವಿಷಯದ ಚರಿತ್ರೆಯನ್ನು 1992ರ ಆಗಸ್ಟ್ 24ರ ಮುಂಚೆ ಮತ್ತು ಆಮೇಲೆ ಎಂದೇ ವಿಂಗಡಿಸಬೇಕು. ಅಂದು ನಸುಕಿನಲ್ಲಿ ಆಂಡ್ರ್ಯೂ ಹರಿಕೇನ್ ಮಯಾಮಿ ನಗರದ ದಕ್ಷಿಣಕ್ಕಿರುವ ಹೋಮ್‌ಸ್ಟೆಡ್ ಬಳಿ ತೀರಕ್ಕೆ ಅಪ್ಪಳಿಸಿತು. ಆಗ ಅದನ್ನು ನಾಲ್ಕನೆಯ ವರ್ಗದ್ದೆಂದು ಎಣಿಸಲಾಗಿತ್ತು. 2002ರ ಮರುಪರಿಶೀಲನೆಯಲ್ಲಿ ಐದನೆಯ ವರ್ಗಕ್ಕೆ ಏರಿಸಲಾಯಿತು. 25 ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದವು, ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. ಹೋಮ್‌ಸ್ಟೆಡ್‌ನಲ್ಲಿದ್ದ 1176 ಮೊಬೈಲ್ ಮನೆಗಳಲ್ಲಿ, ಅಂದರೆ ಕಾರ್ಖಾನೆಯಲ್ಲಿ ತಯಾರಿಸಿ ತಂದು ನಿಲ್ಲಿಸುವ ಮನೆಗಳಲ್ಲಿ, 1167 ಪೂರ್ತಿ ನಾಶವಾದವು.

ಆಗಿನ ದಕ್ಷಿಣ ಫ್ಲೋರಿಡಾದ ಕಟ್ಟಡ ಸಂಹಿತೆ ದೇಶದಲ್ಲೇ ಬಿಗಿಯಾದುದೆಂಬ ಹೆಸರು ಪಡೆದಿತ್ತು. ಆದರೂ ಹಲವು ಹೊಸ ಬಡಾವಣೆಗಳ ಮನೆಗಳು ಹಳೆಯ ಮನೆಗಳಿಗಿಂತ ಕೆಟ್ಟದಾಗಿ ಕುಸಿದಿದ್ದವು. ತನಿಖೆ ನಡೆದಾಗ ಛಾವಣಿಯ ಹಲಗೆಗಳನ್ನು ಮೊಳೆಯ ಬದಲು ಸ್ಟೇಪಲ್‌ಗಳಿಂದ ಕೂರಿಸಿದ್ದು, ಆ ಸ್ಟೇಪಲ್‌ಗಳೂ ಎಷ್ಟೋ ಕಡೆ ಕೆಳಗಿನ ತೊಲೆಯನ್ನೇ ತಾಕದೆ ಪಕ್ಕಕ್ಕೆ ಹೋಗಿದ್ದು, ತ್ರಿಕೋನಾಕಾರದ ಕೊನೆಗೋಡೆಗಳಿಗೆ ಆಸರೆ ಕೊಡದಿದ್ದದ್ದು ಬೆಳಕಿಗೆ ಬಂದವು. ಮನೆ ಬೇಗ ಕಟ್ಟಿ ಮುಗಿಸುವ ಆತುರ ಮತ್ತು ಸಡಿಲ ತಪಾಸಣೆ ಎರಡೂ ಇದಕ್ಕೆ ಹೊಣೆ. ಮನೆ ಕೊಂಡವರಿಗೆ ಇದಾವುದೂ ಗೊತ್ತಿರಲಿಲ್ಲ. ಬಣ್ಣ ಬಳಿದ ಗೋಡೆಯ ಹಿಂದೆ, ಹೊದಿಕೆಯ ಕೆಳಗೆ ಅಡಗಿದ ದೋಷವನ್ನು ಕೊಳ್ಳುವವರು ಕಾಣುವಂತಿರಲಿಲ್ಲ.

ಆಂಡ್ರ್ಯೂ ಹಲವು ವಿಮಾ ಕಂಪನಿಗಳನ್ನು ದಿವಾಳಿ ಮಾಡಿತು. ಉಳಿದವು ಫ್ಲೋರಿಡಾದಲ್ಲಿ ಹೊಸ ಪಾಲಿಸಿ ಕೊಡಲು ಹಿಂಜರಿದವು. 1993ರಲ್ಲಿ ರಾಜ್ಯ ಸರ್ಕಾರ ಹರಿಕೇನ್ ವಿಪತ್ತು ನಿಧಿಯನ್ನು ಸ್ಥಾಪಿಸಿತು. 1994ರಿಂದ ದಕ್ಷಿಣ ಫ್ಲೋರಿಡಾದಲ್ಲಿ ಕಿಟಕಿ ಬಾಗಿಲುಗಳಿಗೆ ಹೊಡೆತ ತಡೆಯುವ ರಕ್ಷಣೆ ಕಡ್ಡಾಯವಾಯಿತು. 2002ರ ಮಾರ್ಚ್ 1ರಿಂದ ಇಡೀ ರಾಜ್ಯಕ್ಕೆ ಒಂದೇ ಫ್ಲೋರಿಡಾ ಕಟ್ಟಡ ಸಂಹಿತೆ ಜಾರಿಗೆ ಬಂತು. ಮಯಾಮಿ-ಡೇಡ್ ಮತ್ತು ಬ್ರೋವರ್ಡ್ ಕೌಂಟಿಗಳನ್ನು ಅತಿವೇಗದ ಹರಿಕೇನ್ ವಲಯವೆಂದು ಗುರುತಿಸಿ ಇನ್ನೂ ಕಠಿಣ ನಿಯಮಗಳನ್ನು ವಿಧಿಸಲಾಯಿತು.

ರಕ್ಷಣಾ ಕ್ರಮಗಳು

ಕಿಟಕಿ ಬಾಗಿಲುಗಳ ರಕ್ಷಣೆ: ಅತ್ಯಂತ ಅಗ್ಗದ್ದು ಪ್ಲೈವುಡ್ ಹಲಗೆ. ಹರಿಕೇನ್ ಮುನ್ಸೂಚನೆ ಬಂದಾಗ ಕತ್ತರಿಸಿ ಕಿಟಕಿಗೆ ಜಡಿಯುತ್ತಾರೆ. ಅಲ್ಯುಮಿನಿಯಂ ಅಥವಾ ಉಕ್ಕಿನ ಮಡಿಕೆ ತಗಡುಗಳು ಗಟ್ಟಿ, ಆದರೆ ಅವನ್ನೂ ಪ್ರತಿಸಲ ಗ್ಯಾರೇಜಿನಿಂದ ಹೊತ್ತು ತಂದು ಒಂದೊಂದಾಗಿ ಬಿಗಿಯಬೇಕು. ಕಿಟಕಿಯ ಪಕ್ಕದಲ್ಲೇ ಮಡಿಚಿ ನಿಲ್ಲುವ ಅಕಾರ್ಡಿಯನ್ ಷಟರ್, ಮೇಲಿನಿಂದ ಸುರುಳಿ ಬಿಚ್ಚಿ ಇಳಿಯುವ ರೋಲಿಂಗ್ ಷಟರ್, ಮೇಲಂಚಿಗೆ ಕೀಲು ಇದ್ದು ಬಿಸಿಲಿಗೆ ನೆರಳೂ ಕೊಡುವ ಬಹಾಮ ಷಟರ್ ಶಾಶ್ವತ ಬಗೆಯವು. ಹೊಡೆತ ತಡೆಯುವ ಗಾಜಿನಲ್ಲಿ ಎರಡು ಗಾಜಿನ ಪದರಗಳ ನಡುವೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಗಾಜು ಬಿರುಕು ಬಿಟ್ಟರೂ ಚೌಕಟ್ಟು ಬಿಟ್ಟು ಕದಲುವುದಿಲ್ಲ. ಇದರ ಪರೀಕ್ಷೆಯಲ್ಲಿ ಸುಮಾರು 4 ಕಿ.ಗ್ರಾಂ. ತೂಕದ ಮರದ ತುಂಡನ್ನು ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ, ಆಮೇಲೆ ಸಾವಿರಾರು ಸಲ ಒತ್ತಡ ಏರಿಸಿ ಇಳಿಸಿ ನೋಡುತ್ತಾರೆ. ಈ ಗಾಜಿನ ದೊಡ್ಡ ಗುಣವೆಂದರೆ ಅದು ಮನೆಯವರ ನೆನಪನ್ನೂ ಬಿಡುವನ್ನೂ ಅವಲಂಬಿಸಿಲ್ಲ. ಮಾಲೀಕ ಊರಿನಲ್ಲಿ ಇಲ್ಲದಿದ್ದರೂ, ಏಣಿ ಹತ್ತಲಾರದ ವೃದ್ಧನಾದರೂ ಅದು ತನ್ನ ಕೆಲಸ ಮಾಡುತ್ತದೆ. ಬೆಲೆಯೇ ಅದರ ತೊಡಕು.

ಛಾವಣಿ: ಛಾವಣಿಯ ತೊಲೆಗಳನ್ನು ಓರೆಯಾಗಿ ಹೊಡೆದ ಮೊಳೆಗಳಿಂದ ಮಾತ್ರ ಗೋಡೆಗೆ ಸೇರಿಸುವುದು ಹಳೆಯ ಪದ್ಧತಿ. ಅದರ ಜಾಗದಲ್ಲಿ ಉಕ್ಕಿನ ಕ್ಲಿಪ್ ಅಥವಾ ತೊಲೆಯ ಮೇಲಿಂದ ಸುತ್ತಿ ಬರುವ ಪಟ್ಟಿ ಹಾಕಿದರೆ ಹಿಡಿತ ಹಲವು ಪಟ್ಟು ಹೆಚ್ಚುತ್ತದೆ. ಛಾವಣಿಯಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ ಬಲ ಎಲ್ಲೂ ಕಡಿಯದೆ ಹರಿಯಬೇಕು ಎಂಬುದು ಇಲ್ಲಿನ ಸೂತ್ರ. ಹಲಗೆಗಳಿಗೆ ಉಂಗುರದ ಗೆರೆಯುಳ್ಳ ಮೊಳೆಗಳನ್ನು ಒತ್ತಾಗಿ ಹೊಡೆಯುವುದು, ಹಲಗೆಗಳ ಸಂದುಗಳಿಗೆ ಅಂಟುಪಟ್ಟಿ ಹಾಕಿ ನೀರು ಇಳಿಯದಂತೆ ಮುಚ್ಚುವುದು ಹೊದಿಕೆ ಬದಲಿಸುವ ಸಮಯದಲ್ಲಿ ಕಡಿಮೆ ಹೆಚ್ಚುವರಿ ವೆಚ್ಚದಲ್ಲಿ ಆಗುವ ಕೆಲಸಗಳು. ವಿಮಾ ಉದ್ಯಮದ ಹಣದಿಂದ ನಡೆಯುವ, ವ್ಯವಹಾರ ಮತ್ತು ಗೃಹ ಸುರಕ್ಷತೆಯ ಸಂಶೋಧನಾ ಸಂಸ್ಥೆ ಐಬಿಎಚ್ಎಸ್ ತನ್ನ ‘ಫೋರ್ಟಿಫೈಡ್’ ಮಾನದಂಡದಲ್ಲಿ ಛಾವಣಿಗೇ ಮೊದಲ ಸ್ಥಾನ ಕೊಟ್ಟಿದೆ.

ನೀರಿನಿಂದ ರಕ್ಷಣೆ: ಕಡಲುಬ್ಬರಕ್ಕೆ ಷಟರ್ ಉತ್ತರವಲ್ಲ. ಮನೆಯನ್ನು ಕಂಬಗಳ ಮೇಲೆ ಎತ್ತರಿಸುವುದೇ ಮುಖ್ಯ ಉಪಾಯ. ಇರುವ ಮನೆಯನ್ನು ಜ್ಯಾಕ್‌ಗಳಿಂದ ಎತ್ತಿ ಹೊಸ ಅಡಿಪಾಯದ ಮೇಲೆ ಕೂರಿಸುವ ಕೆಲಸವೂ ನಡೆಯುತ್ತದೆ, ಆದರೆ ವೆಚ್ಚ ಬಹಳ.

ರಕ್ಷಣೆ ಮಾಡಿಕೊಳ್ಳಲು ಕಾರಣಗಳು

ಸ್ವಂತ ಅನುಭವ ದೊಡ್ಡ ಪ್ರೇರಣೆ. ದೊಡ್ಡ ಹರಿಕೇನ್ ಬಂದುಹೋದ ವರ್ಷದಲ್ಲಿ ಷಟರ್‌ಗಳ ಮಾರಾಟವೂ ಪ್ರವಾಹ ವಿಮೆಯ ಪಾಲಿಸಿಗಳೂ ಏರುತ್ತವೆ. ಮನೆಯಲ್ಲಿ ದೀರ್ಘಕಾಲ ನೆಲೆಸುವ ಉದ್ದೇಶ, ಆದಾಯ, ಮಾಲೀಕತ್ವ ಕೂಡ ನಿರ್ಣಾಯಕ. ಬಾಡಿಗೆದಾರ ಇನ್ನೊಬ್ಬರ ಗೋಡೆಗೆ ಹಣ ಹಾಕುವುದಿಲ್ಲ. ನೆರೆಹೊರೆಯ ಪ್ರಭಾವವೂ ಕಡಿಮೆಯಲ್ಲ: ಬೀದಿಯ ಹತ್ತು ಮನೆಗಳಲ್ಲಿ ಷಟರ್ ಕಂಡವರಿಗೆ ಅದು ಮನೆಗೆ ಇರಬೇಕಾದ ವಸ್ತುವೆನಿಸುತ್ತದೆ. ಟೆಕ್ಸಸ್‌ನ ಗ್ಯಾಲ್ವೆಸ್ಟನ್ ದ್ವೀಪದ ಮನೆ ಮಾರಾಟಗಳ ಅಧ್ಯಯನವೊಂದು, ಷಟರ್ ಇರುವ ಮನೆಗೆ ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆಂದು 2002ರಲ್ಲಿ ತೋರಿಸಿತು.

1975ರಲ್ಲಿ ಮನೋವಿಜ್ಞಾನಿ ರೊನಾಲ್ಡ್ ರೋಜರ್ಸ್ ಆರೋಗ್ಯದ ಸಂದರ್ಭದಲ್ಲಿ ಮಂಡಿಸಿದ ರಕ್ಷಣಾ ಪ್ರೇರಣೆಯ ಸಿದ್ಧಾಂತವನ್ನು ಈ ಕ್ಷೇತ್ರದಲ್ಲೂ ಬಳಸುತ್ತಾರೆ. ಅದರ ಪ್ರಕಾರ ಭಯ ಒಂದೇ ಸಾಲದು. ಉಪಾಯ ಫಲಿಸುತ್ತದೆ ಎಂಬ ನಂಬಿಕೆ, ಅದು ತನ್ನ ಕೈಲಾಗುತ್ತದೆ ಎಂಬ ಧೈರ್ಯ ಎರಡೂ ಇದ್ದಾಗ ಮಾತ್ರ ಮನುಷ್ಯ ಕೆಲಸಕ್ಕೆ ಇಳಿಯುತ್ತಾನೆ. ಭಯ ಹೆಚ್ಚಿಸಿ ದಾರಿ ತೋರದ ಪ್ರಚಾರ ಜನರನ್ನು ನಿರಾಕರಣೆಗೆ, ಇಲ್ಲವೇ ವಿಧಿಯ ಮೇಲೆ ಭಾರ ಹಾಕುವ ಮನಸ್ಥಿತಿಗೆ ತಳ್ಳುತ್ತದೆ.

ಮಾಡಿಕೊಳ್ಳದಿರಲು ಕಾರಣಗಳು

ವೆಚ್ಚ ಮೊದಲ ಕಾರಣ. ಇಡೀ ಮನೆಯ ಕಿಟಕಿಗಳನ್ನೂ ಛಾವಣಿಯನ್ನೂ ಬದಲಿಸಲು ಹತ್ತಾರು ಸಾವಿರ ಡಾಲರ್ ಬೇಕು. ಕೆಳ ಮಧ್ಯಮ ವರ್ಗದ ಕುಟುಂಬ, ನಿವೃತ್ತಿ ವೇತನದ ಮೇಲೆ ಬದುಕುವ ವೃದ್ಧ ದಂಪತಿ, ಮೊಬೈಲ್ ಮನೆಯವರು ಅಷ್ಟು ಹಣ ಹೊಂದಿಸಲಾರರು. ಇವರನ್ನು ಅಜ್ಞಾನಿಗಳೆಂದೋ ಉದಾಸೀನರೆಂದೋ ಕರೆಯುವುದು ಅನ್ಯಾಯ.

ಆದರೆ ಹಣವಿದ್ದವರೂ ಮಾಡಿಕೊಳ್ಳದಿರುವುದಕ್ಕೆ ಬೇರೆ ವಿವರಣೆ ಬೇಕಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಹೊವರ್ಡ್ ಕುನ್‌ರೂಥರ್ 1970ರ ದಶಕದಿಂದ ಈ ಪ್ರಶ್ನೆಯನ್ನು ಅಧ್ಯಯನ ಮಾಡಿದರು. ಅವರೂ ರಾಬರ್ಟ್ ಮೇಯರ್ ಅವರೂ ಸೇರಿ 2017ರಲ್ಲಿ ಪ್ರಕಟಿಸಿದ ‘ದಿ ಆಸ್ಟ್ರಿಚ್ ಪ್ಯಾರಡಾಕ್ಸ್’ ಗ್ರಂಥ ಆರು ಬಗೆಯ ಮನೋದೋಷಗಳನ್ನು ಹೆಸರಿಸುತ್ತದೆ: ಹ್ರಸ್ವದೃಷ್ಟಿ, ಮರೆವು, ಅತಿಯಾದ ಆಶಾವಾದ, ಜಡತ್ವ, ಸರಳೀಕರಣ, ಮಂದೆಯ ಅನುಕರಣೆ. ಇವುಗಳಲ್ಲಿ ಹ್ರಸ್ವದೃಷ್ಟಿ ಮೂಲದ್ದು. ಷಟರ್‌ನ ಖರ್ಚು ಇಂದು, ಖಚಿತವಾಗಿ ಆಗುತ್ತದೆ. ಅದರ ಫಲ ಎಂದೋ ಒಂದು ದಿನ, ಬಂದರೆ ಬಂತು. ಫಲ ಬಂದಾಗಲೂ ಅದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಆಗದೆ ಹೋದ ಹಾನಿಯೇ ಆ ಫಲ.

ಸರಳೀಕರಣ ಸಂಭವನೀಯತೆಯ ಲೆಕ್ಕದಲ್ಲಿ ಹೆಚ್ಚು ಅನಾಹುತ ಮಾಡುತ್ತದೆ. ವರ್ಷಕ್ಕೆ ಶೇ. 1ರಷ್ಟು ಅಪಾಯ ಎಂದರೆ ಅದನ್ನು ಸೊನ್ನೆಯೆಂದೇ ಬಹಳ ಜನ ಎಣಿಸುತ್ತಾರೆ. ಆದರೆ 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಆ ಅಪಾಯ ಒಮ್ಮೆಯಾದರೂ ಎದುರಾಗುವ ಸಂಭವ ಶೇ. 26. ‘ನೂರು ವರ್ಷದ ಪ್ರವಾಹ’ ಎಂಬ ಮಾತನ್ನು ಕೇಳಿದವರು ಹೋದ ವರ್ಷ ಬಂದದ್ದು ಇನ್ನು ತೊಂಬತ್ತೊಂಬತ್ತು ವರ್ಷ ಬಾರದೆಂದು ತಿಳಿಯುತ್ತಾರೆ. ನಿಜದಲ್ಲಿ ಪ್ರತಿ ವರ್ಷದ ಅಪಾಯವೂ ಅಷ್ಟೇ ಇರುತ್ತದೆ.

ಮರೆವಿಗೆ ಫ್ಲೋರಿಡಾವೇ ಸಾಕ್ಷಿ. 2004ರಲ್ಲಿ ಚಾರ್ಲಿ, ಫ್ರಾನ್ಸಿಸ್, ಐವನ್, ಜೀನ್ ಎಂಬ ನಾಲ್ಕು ಹರಿಕೇನ್‌ಗಳು ಒಂದೇ ಋತುವಿನಲ್ಲಿ ರಾಜ್ಯವನ್ನು ಬಡಿದವು. 2005ರ ಅಕ್ಟೋಬರ್‌ನಲ್ಲಿ ವಿಲ್ಮಾ ಬಂತು. ಆಮೇಲೆ 2016ರಲ್ಲಿ ಹರ್ಮಿನ್ ಬರುವವರೆಗೆ ಫ್ಲೋರಿಡಾದ ತೀರಕ್ಕೆ ಒಂದು ಹರಿಕೇನ್ ಕೂಡ ಅಪ್ಪಳಿಸಲಿಲ್ಲ. ಈ ದೀರ್ಘ ವಿರಾಮದಲ್ಲಿ ರಾಜ್ಯಕ್ಕೆ ವಲಸೆ ಬಂದವರು ಹರಿಕೇನ್ ಕಾಣದೆಯೇ ಮನೆ ಕೊಂಡು ನೆಲೆಸಿದರು.

ಸ್ವಲ್ಪದರಲ್ಲಿ ತಪ್ಪಿದ ಅನುಭವ ಇನ್ನೂ ವಂಚಕ. ರಾಬಿನ್ ಡಿಲನ್, ಕ್ಯಾಥರೀನ್ ಟಿನ್ಸ್ಲಿ ಮತ್ತು ಸಹಸಂಶೋಧಕರು 2011ರಲ್ಲಿ ತೋರಿಸಿದಂತೆ, ಹರಿಕೇನ್ ಪಕ್ಕಕ್ಕೆ ಸರಿದು ಹಾನಿಯಿಂದ ಪಾರಾದವರು ಮುಂದಿನ ಸಲ ಕಡಿಮೆ ಜಾಗ್ರತೆ ವಹಿಸುವ ಪ್ರವೃತ್ತಿ ತೋರುತ್ತಾರೆ. ಅದೃಷ್ಟದಿಂದ ಉಳಿದದ್ದನ್ನು ಮನೆಯ ಬಲದಿಂದ ಉಳಿದದ್ದೆಂದು ಬಗೆಯುತ್ತಾರೆ. ಬಿರುಗಾಳಿಯ ಅಂಚು ಮಾತ್ರ ತಾಗಿದ ಊರಿನವರು ಪೂರ್ಣ ಹೊಡೆತವನ್ನೇ ತಾಳಿದೆವೆಂದು ತಿಳಿಯುವುದೂ ಉಂಟು.

2012ರ ಐಸಾಕ್ ಮತ್ತು ಸ್ಯಾಂಡಿ ಹರಿಕೇನ್‌ಗಳು ತೀರಕ್ಕೆ ಬರುತ್ತಿರುವಾಗಲೇ ಮೇಯರ್ ಮತ್ತು ಸಂಗಡಿಗರು ಫೋನಿನ ಮೂಲಕ ಜನರನ್ನು ಪ್ರಶ್ನಿಸಿದರು. ಜೋರು ಗಾಳಿ ಬೀಸುವ ಸಾಧ್ಯತೆಯನ್ನು ಜನ ಇರುವುದಕ್ಕಿಂತ ಹೆಚ್ಚಾಗಿಯೇ ಊಹಿಸಿದ್ದರು. ಆದರೆ ತಮ್ಮ ಮನೆಗೆ ಆಗಬಹುದಾದ ಹಾನಿಯನ್ನು ಕಡಿಮೆ ಅಂದಾಜು ಮಾಡಿದ್ದರು, ನೀರಿನ ಅಪಾಯವನ್ನು ಸರಿಯಾಗಿ ಗ್ರಹಿಸಿರಲಿಲ್ಲ. ಷಟರ್ ಕೊಂಡಿಟ್ಟವರಲ್ಲೂ ಅನೇಕರು ಅದನ್ನು ಹಾಕಿರಲಿಲ್ಲ. ರಕ್ಷಣಾ ಸಾಮಗ್ರಿ ಇದ್ದ ಮಾತ್ರಕ್ಕೆ ರಕ್ಷಣೆ ಆಗುವುದಿಲ್ಲ ಎಂಬುದಕ್ಕೆ ಈ ಅಧ್ಯಯನ ಬಲವಾದ ಆಧಾರ.

ಇವಲ್ಲದೆ ನಂಬಿಕಸ್ತ ಕಂಟ್ರ್ಯಾಕ್ಟರ್ ಸಿಗದಿರುವುದು, ಮನೆಯ ಅಂದ ಕೆಡುತ್ತದೆಂಬ ಅಳುಕು, ಇನ್ನೆರಡು ವರ್ಷದಲ್ಲಿ ಮಾರಿ ಹೋಗುವ ಯೋಚನೆ, ಬಡಾವಣೆಯ ಮನೆ ಮಾಲೀಕರ ಸಂಘಗಳ ಬಿಗಿ ನಿಯಮಗಳು ಕೂಡ ಅಡ್ಡಿಯಾಗಿವೆ. ಈ ಕೊನೆಯ ಅಡ್ಡಿಯನ್ನು ನಿವಾರಿಸಲು ಫ್ಲೋರಿಡಾ 2024ರಲ್ಲಿ ಶಾಸನ ಮಾಡಿತು.

ವಿಮೆ ಮತ್ತು ಸರ್ಕಾರಿ ಪರಿಹಾರ

ವಿಮೆ ಇದೆಯಲ್ಲ ಎಂಬ ನೆಮ್ಮದಿ ರಕ್ಷಣೆಗೆ ಅಡ್ಡಿಯಾಗುತ್ತದೆ ಎಂಬ ವಾದ ಹಳೆಯದು. ಅಪಾಯ ದೊಡ್ಡದಾದಾಗ ಸರ್ಕಾರ ಕೈಬಿಡುವುದಿಲ್ಲ ಎಂಬ ನಿರೀಕ್ಷೆಯನ್ನೂ ಅರ್ಥಶಾಸ್ತ್ರಜ್ಞರು ಇದರೊಂದಿಗೆ ಸೇರಿಸುತ್ತಾರೆ. ವಾಸ್ತವದಲ್ಲಿ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಕುಟುಂಬಗಳಿಗೆ ನೇರವಾಗಿ ಕೊಡುವ ನೆರವಿನಿಂದ ಕಳೆದುಕೊಂಡ ಮನೆಯನ್ನು ಮರಳಿ ಕಟ್ಟಲಾಗುವುದಿಲ್ಲ. ಉಳಿದದ್ದು ಬಹುಪಾಲು ಸಾಲದ ರೂಪದಲ್ಲಿ ಸಿಗುತ್ತದೆ.

ಮನೆ ವಿಮೆ ಸಾಮಾನ್ಯವಾಗಿ ಗಾಳಿಯ ಹಾನಿಯನ್ನು ಭರಿಸುತ್ತದೆ, ಪ್ರವಾಹದ ಹಾನಿಯನ್ನಲ್ಲ. ಪ್ರವಾಹಕ್ಕೆ 1968ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯ ಪಾಲಿಸಿ ಬೇರೆ ಕೊಳ್ಳಬೇಕು. ಮನೆಯ ಕಟ್ಟಡಕ್ಕೆ ಅದರ ಮಿತಿ 2.5 ಲಕ್ಷ ಡಾಲರ್. ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಅದು ಜಾರಿಗೆ ಬರುವುದರಿಂದ ಮುನ್ಸೂಚನೆ ಕೇಳಿ ಓಡಿದವರಿಗೆ ಉಪಯೋಗವಿಲ್ಲ. 2005ರ ಕತ್ರೀನಾ ಹರಿಕೇನ್ ನಂತರ ಮಿಸಿಸಿಪ್ಪಿ ಮತ್ತು ಲೂಸಿಯಾನದಲ್ಲಿ, ಮನೆಯನ್ನು ಕೆಡವಿದ್ದು ಗಾಳಿಯೋ ನೀರೋ ಎಂಬ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ಗಾಳಿಯ ಹಾನಿಯಲ್ಲೂ ಮೊದಲ ಭಾಗವನ್ನು ಮಾಲೀಕನೇ ಹೊರಬೇಕು. ಫ್ಲೋರಿಡಾದಲ್ಲಿ ಈ ಭಾಗ ಸಾಮಾನ್ಯವಾಗಿ ವಿಮಾ ಮೊತ್ತದ ಶೇ. 2, 5 ಅಥವಾ 10. ನಾಲ್ಕು ಲಕ್ಷ ಡಾಲರ್ ವಿಮೆಯ ಮನೆಗೆ ಶೇ. 5 ಎಂದರೆ 20 ಸಾವಿರ ಡಾಲರ್. ಇದನ್ನು ಹಾನಿಯಾದ ಮೇಲೆ ತಿಳಿದುಕೊಳ್ಳುವ ಮಾಲೀಕರೂ ಇದ್ದಾರೆ.

ರಕ್ಷಣೆ ಮಾಡಿಕೊಂಡ ಮನೆಯ ವಿಮಾ ಕಂತನ್ನು ಇಳಿಸುವುದು ಫ್ಲೋರಿಡಾದಲ್ಲಿ ಕಾನೂನಿನಂತೆ ಕಡ್ಡಾಯ. ಅಧಿಕೃತ ತಪಾಸಕ ನಿಗದಿತ ನಮೂನೆಯಲ್ಲಿ ಛಾವಣಿಯ ಆಕಾರ, ಮೊಳೆ, ಕ್ಲಿಪ್, ಷಟರ್‌ಗಳನ್ನು ದಾಖಲಿಸಿ ಕೊಡುತ್ತಾನೆ.

ಸಹಾಯಧನ ಯೋಜನೆಗಳು

ಫ್ಲೋರಿಡಾ 2006ರಲ್ಲಿ ‘ಮೈ ಸೇಫ್ ಫ್ಲೋರಿಡಾ ಹೋಮ್’ ಯೋಜನೆಯನ್ನು ಆರಂಭಿಸಿತು. ಉಚಿತ ತಪಾಸಣೆ, ಮಾಲೀಕ ಹಾಕಿದಷ್ಟೇ ಹಣವನ್ನು 5000 ಡಾಲರ್ ಮಿತಿಯವರೆಗೆ ಸರ್ಕಾರವೂ ಕೊಡುವುದು ಅದರ ಕ್ರಮ. 2009ರ ಹೊತ್ತಿಗೆ ನಿಂತುಹೋದ ಯೋಜನೆಯನ್ನು 2022ರಲ್ಲಿ ಮತ್ತೆ ಆರಂಭಿಸಿ, ಮಾಲೀಕನ ಒಂದು ಡಾಲರಿಗೆ ಎರಡರಂತೆ 10 ಸಾವಿರ ಡಾಲರ್‌ವರೆಗೆ ನೆರವನ್ನು ಹೆಚ್ಚಿಸಲಾಯಿತು. ಅರ್ಜಿಗಳ ಒತ್ತಡಕ್ಕೆ ಹಣ ಬೇಗ ತೀರಿತು. ನಂತರ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಆದ್ಯತೆ ನೀಡಲಾಯಿತು. ಹಣ ಮತ್ತು ದಾರಿ ಎರಡೂ ಸಿಕ್ಕರೆ ಜನ ಮುಂದೆ ಬರುತ್ತಾರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಲಬಾಮಾ ರಾಜ್ಯದ ‘ಸ್ಟ್ರೆಂಗ್ತನ್ ಅಲಬಾಮಾ ಹೋಮ್ಸ್’ ಯೋಜನೆ ‘ಫೋರ್ಟಿಫೈಡ್’ ಛಾವಣಿಗೆ 10 ಸಾವಿರ ಡಾಲರ್‌ವರೆಗೆ ಕೊಡುತ್ತದೆ. ಇದಕ್ಕೆ ವಿಮಾ ಕಂತಿನ ರಿಯಾಯಿತಿಯೂ ಸೇರಿದ್ದರಿಂದ ದೇಶದಲ್ಲಿ ಈ ಪ್ರಮಾಣಪತ್ರ ಪಡೆದ ಮನೆಗಳಲ್ಲಿ ಬಹುಪಾಲು ಅಲಬಾಮಾದಲ್ಲೇ ಇವೆ. 2020ರ ಸೆಪ್ಟೆಂಬರ್‌ನಲ್ಲಿ ಸ್ಯಾಲಿ ಹರಿಕೇನ್ ಗಲ್ಫ್ ಶೋರ್ಸ್ ಬಳಿ ಬಡಿದಾಗ ಈ ಮನೆಗಳಿಂದ ಬಂದ ಪರಿಹಾರ ಬೇಡಿಕೆಗಳು ಸಾಮಾನ್ಯ ಮನೆಗಳಿಗಿಂತ ಅರ್ಧಕ್ಕೂ ಕಡಿಮೆ ಪ್ರಮಾಣದಲ್ಲಿದ್ದವು. ಲೂಸಿಯಾನ ಇದೇ ಮಾದರಿಯನ್ನು ಅನುಸರಿಸಿದೆ.

ಸಂಹಿತೆಯ ಫಲ

2004ರ ಚಾರ್ಲಿ ಹರಿಕೇನ್ ನಂತರ ಶಾರ್ಲೆಟ್ ಕೌಂಟಿಯಲ್ಲಿ ಐಬಿಎಚ್ಎಸ್ ನಡೆಸಿದ ಅಧ್ಯಯನದಲ್ಲಿ, ಆಧುನಿಕ ಸಂಹಿತೆಯಂತೆ ಕಟ್ಟಿದ ಮನೆಗಳಿಂದ ಪರಿಹಾರ ಬೇಡಿಕೆ ಶೇ. 60ರಷ್ಟು ಕಡಿಮೆ ಬಂದಿತ್ತು. ಬೇಡಿಕೆ ಬಂದಲ್ಲಿಯೂ ಹಾನಿಯ ಮೊತ್ತ ಶೇ. 42ರಷ್ಟು ಕಡಿಮೆಯಿತ್ತು. ಆಧುನಿಕ ಸಂಹಿತೆಗೆ ಹಾಕಿದ ಪ್ರತಿ ಡಾಲರ್ 11 ಡಾಲರ್ ನಷ್ಟವನ್ನು ತಪ್ಪಿಸುತ್ತದೆಂದು ಅಮೆರಿಕದ ರಾಷ್ಟ್ರೀಯ ಕಟ್ಟಡ ವಿಜ್ಞಾನ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು.

ಇದಕ್ಕೆ ವ್ಯತಿರಿಕ್ತ ಉದಾಹರಣೆ ಫ್ಲೋರಿಡಾದ ವಾಯವ್ಯ ತೀರ. ಕಿಟಕಿ ಬಾಗಿಲುಗಳ ರಕ್ಷಣೆಯ ನಿಯಮದಿಂದ ಆ ಭಾಗಕ್ಕೆ ಬಹುಕಾಲ ವಿನಾಯಿತಿ ಇತ್ತು. 2018ರ ಅಕ್ಟೋಬರ್ 10ರಂದು ಐದನೆಯ ವರ್ಗದ ಮೈಕೆಲ್ ಹರಿಕೇನ್ ಅಲ್ಲಿನ ಮೆಕ್ಸಿಕೊ ಬೀಚ್ ಪಟ್ಟಣವನ್ನು ಬಹುಪಾಲು ಅಳಿಸಿಹಾಕಿತು. ಸಂಹಿತೆ ಕೇಳುವುದಕ್ಕಿಂತಲೂ ಗಟ್ಟಿಯಾಗಿ, ಎತ್ತರದ ಕಂಬಗಳ ಮೇಲೆ ಕಾಂಕ್ರೀಟಿನಲ್ಲಿ ಕಟ್ಟಿದ್ದ ಒಂದು ಮನೆ ಸಮುದ್ರದ ಎದುರಿಗೇ ಹೆಚ್ಚು ಹಾನಿಯಿಲ್ಲದೆ ನಿಂತಿತ್ತು.

ಭಾರತ ಮತ್ತು ಕರ್ನಾಟಕ

ಟ್ಯಾಂಪಾ, ಒರ್ಲಾಂಡೊ, ಹ್ಯೂಸ್ಟನ್ ಸುತ್ತಮುತ್ತ ಮನೆ ಕೊಂಡು ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಲೇಖನದ ವಿಷಯ ನೇರವಾಗಿ ಅನ್ವಯಿಸುತ್ತದೆ. ಕರ್ನಾಟಕದ ಕರಾವಳಿಗೆ ಚಂಡಮಾರುತದ ನೇರ ಹೊಡೆತ ಅಪರೂಪ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ತೀರದ ಉದ್ದಕ್ಕೂ ಸಾಗಿಹೋದಾಗ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮನೆಗಳಿಗೆ ಹಾನಿಯಾಯಿತು. ಭಾರತದಲ್ಲಿ ಕಟ್ಟಡದ ಮೇಲಿನ ಗಾಳಿಯ ಭಾರವನ್ನು ಐಎಸ್ 875ರ ಮೂರನೆಯ ಭಾಗ ನಿಗದಿಪಡಿಸುತ್ತದೆ. ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕವೂ ಸೇರಿತ್ತು. ಆದರೆ ಆ ಯೋಜನೆಯ ಒತ್ತು ಆಶ್ರಯತಾಣಗಳಂಥ ಸಾರ್ವಜನಿಕ ಸೌಕರ್ಯಗಳ ಮೇಲಿತ್ತು.

ಕರಾವಳಿಯ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುನ್ನ ಪಡುಗಡೆಯ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವ ರೂಢಿ ಇತ್ತು. ಪ್ರತಿ ವರ್ಷವೂ ತಪ್ಪದೆ ಬರುವ ಮಳೆಗೆ ಮನೆಯವರು ತಾವಾಗಿಯೇ ಸಿದ್ಧರಾಗುತ್ತಿದ್ದರು. ಹರಿಕೇನ್‌ನಂತೆ ಎಂದೋ ಬರುವ ಅಪಾಯಕ್ಕೆ ಅಂಥ ರೂಢಿ ಬೆಳೆಯುವುದು ಕಷ್ಟ.

ಇಂದಿನ ಸ್ಥಿತಿ

2022ರ ಸೆಪ್ಟೆಂಬರ್‌ನಲ್ಲಿ ಇಯಾನ್, 2024ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಹೆಲೀನ್ ಹಾಗೂ ಮಿಲ್ಟನ್ ಫ್ಲೋರಿಡಾವನ್ನು ಬಡಿದವು. ಹೆಲೀನ್‌ನ ಕಡಲುಬ್ಬರ ಟ್ಯಾಂಪಾ ಕೊಲ್ಲಿಯ ತಗ್ಗಿನ ಸಾವಿರಾರು ಮನೆಗಳಿಗೆ ನುಗ್ಗಿತು. ರಾಜ್ಯದ ಮನೆ ವಿಮೆಯ ಕಂತು ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿದ್ದು, ಖಾಸಗಿ ಕಂಪನಿಗಳು ನಿರಾಕರಿಸಿದವರಿಗೆ ಸರ್ಕಾರ 2002ರಲ್ಲಿ ಸ್ಥಾಪಿಸಿದ ಸಿಟಿಜನ್ಸ್ ನಿಗಮ ಆಸರೆಯಾಗಿದೆ. ಕಂತಿನ ಹೊರೆಯಿಂದಾಗಿ ಗೃಹಸಾಲ ತೀರಿಸಿದ ಕೆಲವರು ವಿಮೆಯನ್ನೇ ಕೈಬಿಡುತ್ತಿದ್ದಾರೆ.

ಸಂಹಿತೆ ಹೊಸ ಮನೆಗಳನ್ನು ಕಾಪಾಡುತ್ತದೆ. ಆದರೆ ಫ್ಲೋರಿಡಾದ ಮನೆಗಳಲ್ಲಿ ಹೆಚ್ಚಿನವು 2002ಕ್ಕೆ ಮುಂಚೆ ಕಟ್ಟಿದವು. ಛಾವಣಿಯ ಹೊದಿಕೆ ಬದಲಿಸುವಂಥ ಕೆಲವು ದುರಸ್ತಿಗಳ ಸಮಯದಲ್ಲಿ ಅವುಗಳಿಗೂ ಹೊಸ ನಿಯಮದ ಒಂದಂಶ ಅನ್ವಯವಾಗುತ್ತದೆ. ಉಳಿದಂತೆ ಅವುಗಳ ರಕ್ಷಣೆ ಇಂದಿಗೂ ಮಾಲೀಕನ ಸ್ವಂತ ನಿರ್ಧಾರಕ್ಕೇ ಬಿಟ್ಟದ್ದು.